ಕುಂಟೆಗೆ ಸುರಿದ ಜಿಡ್ಡು

ದೊಡ್ಡನೆಕ್ಕುಂದಿ
ತಾ. 21-1-1984

ಮಗ ರಾಮಪ್ರಸಾದನಿಗೆ, ಕೋಪದಲ್ಲಿದ್ದರೂ ತಾಯಿಯೇ ಆಗಿರುವ ಅನುಸೂಯಮ್ಮನ ಆಶೀರ್ವಾದ.

ನಿನ್ನ ಆರೋಗ್ಯ ಹೇಗಿದೆ? ಹೈದರಾಬಾದಿನ ಟ್ರೈನಿಂಗಿನಲ್ಲಿ ಊಟ ಬಲು ಖಾರ, ಹೊಟ್ಟೆ ಉರಿಯುತ್ತದೆ ಎಂದು ಬರೆದಿದ್ದೀಯ. ಮಜ್ಜಿಗೆ ಕುಡಿ. ಕರಿದದ್ದು ತಿನ್ನಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಗುವಿಗೆ ಎರಡು ಹಲ್ಲು ಬಂದಿವೆ, ಸಿಕ್ಕಿದವರನ್ನೆಲ್ಲ ಕಚ್ಚುತ್ತದೆ, ಥೇಟ್ ಅಪ್ಪನ ಬುದ್ಧಿ. ನಿನ್ನ ಹೆಂಡತಿ ವೆಂಕಟಲಕ್ಷ್ಮಿ ಮಾತ್ರ ಸರಿಯಾಗಿ ಊಟ ಮಾಡಿ ವಾರವಾಯಿತು. ನಿನ್ನ ಕಾಗದವನ್ನು ನನಗಿಂತ ಮೊದಲು ಅವಳೇ ಒಡೆದು ಓದಿದಳು.

ಎಂಥ ಕಾಗದವೋ ಅದು! ಅವಳ ಅಣ್ಣ ಮುನಿಯಣ್ಣ ನಮ್ಮ ಕುಂಟೆಯ ನೀರಿಗೆ ವಿಷ ಹಾಕಿ ಮೀನು ಕೊಂದನೆಂದು ನಾನು ಪೊಲೀಸರಿಗೆ ದೂರು ಕೊಡಬೇಕಂತೆ. ಮಗುವಿನ ಕಿವಿ ಚುಚ್ಚುವ ದಿನ ಅವನು ನಮ್ಮ ಹೊಸಿಲು ತುಳಿಯಬಾರದಂತೆ. ನಿನ್ನ ಆ ಕ್ಯಾಂಟೀನ್ ಗೆಳೆಯನ ತೊಡೆಯ ಮೇಲೆ ಮಗುವನ್ನು ಕೂರಿಸಬೇಕಂತೆ. ಸೋದರಮಾವ ಗಟ್ಟಿಮುಟ್ಟಾಗಿ ಬದುಕಿರುವಾಗ ಬೇರೆಯವನ ತೊಡೆಯ ಮೇಲೆ ಕಿವಿ ಚುಚ್ಚಿಸಿಕೊಂಡ ಮಗುವನ್ನು ನಮ್ಮ ಕುಲದಲ್ಲಿ ಯಾರಾದರೂ ಕಂಡಿದ್ದಾರೆಯೇ? ಓದಿ ನನಗೆ ಮೈಯೆಲ್ಲ ಉರಿಯಿತು. ಇನ್ನೂ ಉರಿಯುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ ಎಂದು ತಿಳಿ.

ಗೆಂಡೆ ಮೀನಿನ ಮರಿಗಳನ್ನು ಕುಂಟೆಗೆ ಬಿಟ್ಟಾಗ ಎಲ್ಲ ನೆಟ್ಟಗೇ ಇತ್ತಲ್ಲವೇ? ನಾನು ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಮಾಡಿ ಹಾಕುತ್ತಿದ್ದೆ, ಅವು ದಡಕ್ಕೆ ಬಂದು ಬಾಯಿ ಬಿಡುತ್ತಿದ್ದವು. ನಿನಗೆ ಅದು ಸಾಲಲಿಲ್ಲ. ನಿನ್ನ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಪೂರಿ, ಬೋಂಡ ಕರಿದು ಕರಿದು ಕಪ್ಪಾದ ವನಸ್ಪತಿಯ ಜಿಡ್ಡನ್ನು ಡಬ್ಬಗಟ್ಟಲೆ ಸೈಕಲ್ಲಿಗೆ ಕಟ್ಟಿಕೊಂಡು ತಂದೆ. "ಕೊಬ್ಬು ತಿಂದ್ರೆ ಕೊಬ್ತವೆ ಕಣಮ್ಮ, ಇದಕ್ಕೇನ್ ಇಂಜಿನಿಯರ್ ಬೇಕಾ?" ಅಂದೆ. ಅವುಗಳ ಹೊಟ್ಟೆ ಉಬ್ಬಿದರೆ ಬೆಳೆದಿವೆ ಎಂದು ಹಿಗ್ಗಿದೆ. ನೀರಿನ ಮೇಲೆ ಬಿಳೀ ದಾರದಂಥ ಹಿಕ್ಕೆ ತೇಲುತ್ತಿದೆ, ತಿಂದದ್ದು ಮೈಗೆ ಹತ್ತುತ್ತಿಲ್ಲ ನೋಡೋ ಎಂದರೆ ನನ್ನ ಬಾಯಿ ಮುಚ್ಚಿಸಿದೆ. ಕಾರ್ತಿಕದ ಚಳಿ ಬಿದ್ದ ಮೇಲೆ ದಿನಾ ನಾಲ್ಕಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಆಗ ನಿನಗೆ ಜಿಡ್ಡು ನೆನಪಾಗಲಿಲ್ಲ, ಬಾಮೈದ ನೆನಪಾದ. ಅವನು ಪೀಣ್ಯದಲ್ಲಿ ಕಬ್ಬಿಣಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಕೆಲಸಕ್ಕೆ ಹೋಗುತ್ತಾನೆ, ಅಲ್ಲಿ ಆಸಿಡ್ ಇರುತ್ತದೆ, ಅಷ್ಟು ಸಾಕಾಯಿತು ನಿನಗೆ. ಹಬ್ಬಕ್ಕೆಂದು ತಂಗಿಯ ಮನೆಗೆ ಬಂದವನ ಕೊರಳಪಟ್ಟಿ ಹಿಡಿದು, "ಕುಂಟೇಲಿ ಪಾಲು ಕೊಡ್ಲಿಲ್ಲ ಅಂತ ಆಸಿಡ್ ಸುರ್ದವ್ನೆ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅವನು ತಿರುಗಿ ಒಂದು ಕೈ ಎತ್ತಲಿಲ್ಲ. "ನನ್ ತಂಗಿ ಅನ್ನಕ್ಕೆ ನಾನೇ ಮಣ್ಣಾಕ್ತೀನಾ ಬಾವ, ಇಂಗಂತೀರಲ್ಲ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೋದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ನೆಲವನ್ನು ಬೈದಳು, ನೀನು ಮನುಷ್ಯನನ್ನು ಬೈದೆ.

ನೀನು ಹೋದ ಮೇಲೂ ನಿನ್ನ ಗೆಳೆಯ ಜಿಡ್ಡು ತಂದು ಸುರಿಯುತ್ತಲೇ ಇದ್ದ, ಮೀನು ಸಾಯುತ್ತಲೇ ಇದ್ದವು. ಮುನಿಯಣ್ಣ ಇತ್ತ ತಲೆಯೇ ಹಾಕಿರಲಿಲ್ಲ. ಅದಾದರೂ ನಿನಗೆ ಹೊಳೆಯಬೇಡವೇ? ಕಡೆಗೆ ನಾನೇ ಮೀನುಗಾರಿಕೆ ಇಲಾಖೆಗೆ ಹೇಳಿಕಳಿಸಿದೆ. ಸೀತಾ ಎನ್ನುವ ಹುಡುಗಿ ಬಂದಳು, ಆಫೀಸರಂತೆ. ಸಾಯುತ್ತಿದ್ದ ಒಂದು ಗೆಂಡೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಸೀಳಿದಳು. ಕರುಳು ಕೆಂಪಗೆ ಊದಿಕೊಂಡು, ಮುಟ್ಟಿದರೆ ಹರಿಯುವಷ್ಟು ತೆಳ್ಳಗಾಗಿತ್ತು. ಒಳಗೆಲ್ಲ ಮೇಣದಂತೆ ಬಿಳೀ ಜಿಡ್ಡು ಮೆತ್ತಿಕೊಂಡಿತ್ತು, ಪಿತ್ತಕೋಶ ಇರುವ ಕಡೆ ಈಲಿ, ಅವಳು ಲಿವರ್ ಅಂದದ್ದು, ಅರಿಸಿನ ಬಣ್ಣಕ್ಕೆ ತಿರುಗಿತ್ತು. ಮೀನಿಗೆ ನಮ್ಮ ಹಾಗೆ ಮೈಬಿಸಿ ಇಲ್ಲವಂತೆ, ನೀರು ಎಷ್ಟು ತಣ್ಣಗೋ ಅದರ ಮೈಯೂ ಅಷ್ಟೇ. ಚಳಿಗೆ ಡಬ್ಬದಲ್ಲಿ ಗಟ್ಟಿಯಾಗುವ ಕೊಬ್ಬು ಅದರ ಹೊಟ್ಟೆಯಲ್ಲಿ ಕರಗುವುದು ಎಲ್ಲಿಂದ? ಅರ್ಧ ಹಾಗೆಯೇ ಹೊರಗೆ ಹೋಗುತ್ತದೆ. ಮೇಲಾಗಿ ಕಮಟು ವಾಸನೆ ಬರುವ, ಸುಟ್ಟ ಎಣ್ಣೆ ಕರುಳನ್ನೇ ಕೆಡಿಸುತ್ತದೆ. ಕರುಳು ಕೆಟ್ಟ ಮೇಲೆ ಒಳ್ಳೆಯ ತಿಂಡಿ ಹಾಕಿದರೂ ಸತ್ವ ಮೈಗೆ ಹತ್ತುವುದಿಲ್ಲ. ಯಾರೋ ಆಸಿಡ್ ಹಾಕಿದ್ದು ಅಂತಾನೆ ನನ್ನ ಮಗ ಎಂದೆ. "ಆಸಿಡ್ ಆಗಿದ್ರೆ ಕಪ್ಪೆ, ಬಸವನಹುಳ ಉಳೀತಿದ್ವಾ ಅಮ್ಮ? ಎಲ್ಲಾ ಒಂದೇ ಸಲ ಹೋಗ್ತಿತ್ತು. ಇದನ್ನ ಕೊಂದಿದ್ದು ನೀವು ಹಾಕಿರೋ ತಿಂಡೀನೇ" ಅಂದಳು. ವೆಂಕಟಲಕ್ಷ್ಮಿ ಕಂಬ ಹಿಡಿದು ನಿಂತು ಕೇಳಿಸಿಕೊಂಡಳು. ನಿನ್ನ ತಾಯಿ ಎನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು.

ಮಾರನೆಯ ದಿನ ಡಬ್ಬ ಹೊತ್ತು ಬಂದ ನಿನ್ನ ಗೆಳೆಯನಿಗೆ ಪೊರಕೆ ತೋರಿಸಿ ಕಳಿಸಿದೆ. ಈಗ ತೌಡು, ಹಿಂಡಿ ಅಷ್ಟೇ, ಅದೂ ಚಳಿಗಾಲವೆಂದು ಸ್ವಲ್ಪ. ಉಳಿದ ಮೀನು ಉಳಿಯಬಹುದು ಎಂದಿದ್ದಾಳೆ ಸೀತಾ. ನಿನ್ನ ಬಾಮೈದನ ಮಾನ ಹಾಗೆ ತೌಡು ಹಾಕಿದರೆ ವಾಪಸು ಬರುವುದಿಲ್ಲ. ಅದನ್ನು ಬೀದಿಯಲ್ಲಿ ಕಳೆದವನು ನೀನು, ನೀನೇ ತಂದುಕೊಡಬೇಕು. ದೂರು ನಾನು ಕೊಡುವುದಿಲ್ಲ. ನೀನು ಕೊಟ್ಟರೆ, ಸೀಳಿದ ಮೀನು ನೋಡಿದ ಸಾಕ್ಷಿಯಾಗಿ ನಾನೇ ಅವನ ಪಕ್ಕ ನಿಲ್ಲುತ್ತೇನೆ.

ರಾತ್ರಿ ಹೊದ್ದು ಮಲಗು, ಹೊಟ್ಟೆ ನೋಡಿಕೋ. ದೇವರು ನಿನಗೆ ಆಯಸ್ಸು ಕೊಡಲಿ, ಅದಕ್ಕಿಂತ ಮೊದಲು ಬುದ್ಧಿ ಕೊಡಲಿ.

ಇಂತಿ,
ನಿನ್ನ ತಾಯಿ
ಅನುಸೂಯಮ್ಮ

ಮರೆತಿದ್ದೆ: ಟಪಾಲಿನ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ಮಗುವಿನ ಕಿವಿ ಚುಚ್ಚುವುದು ಬರುವ ಸೋಮವಾರ, ಬಾಗಲಗುಂಟೆಯಲ್ಲಿ, ಮುನಿಯಣ್ಣನ ಮನೆಯಲ್ಲಿ, ಅವನ ತೊಡೆಯ ಮೇಲೆ. ವೆಂಕಟಲಕ್ಷ್ಮಿ, ಮಗು, ನಾನು ಮೂವರೂ ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ನೀನು ಬರುವವರೆಗೂ ಅಲ್ಲೇ ಇರುತ್ತೇವೆ. ಇದು ಅವಳ ಹಟವಲ್ಲ, ನನ್ನ ತೀರ್ಮಾನ. ಮೀನಿಗೆ ಪಕ್ಕದ ಮನೆಯ ರಾಮಕ್ಕ ತೌಡು ಹಾಕುತ್ತಾಳೆ. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಮುನಿಯಣ್ಣನಿಗೆ ಕೊಡುತ್ತೇನೆ. ಟ್ರೈನಿಂಗ್ ಮುಗಿಸಿ ಬಂದಾಗ ಅವನ ಬಾಗಿಲಿಗೆ ಹೋಗಿ, ಬಾಯಿಬಿಟ್ಟು ಕೇಳಿ ಇಸಿದುಕೋ.