ಬೀದರಿನಲ್ಲಿ ಅಮ್ಮನ ಮಾತು

ತ್ರಾಸಿ
ಡಿಸೆಂಬರ್ 2011

ಅಣ್ಣಯ್ಯ,

ಓದಲು ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನೆ ಅಮ್ಮನನ್ನು ಕರೆದುಕೊಂಡು ಬೀದರಿನಿಂದ ಬಂದೆ. ನೀನಿದ್ದಾಗ ಪ್ರತಿ ವರ್ಷ ನೀನೇ ಅವಳನ್ನು ಅಲ್ಲಿಗೆ ಕರೆಯುತ್ತಿದ್ದೆ. ಅಮ್ಮ "ಗದ್ದಿ ಕೆಲ್ಸ ಮುಗಿಲಿ, ಬಪ್ಪ ವರ್ಷ ಬತ್ತೆ ಮಗಾ" ಅನ್ನುತ್ತಿದ್ದಳು. ಈ ಸಲ ನಿನ್ನ ವಾಯುಪಡೆಯ ಸ್ಕ್ವಾಡ್ರನ್ನಿನ ಹಳಬರ ಕೂಟಕ್ಕೆ ತೀರಿಹೋದ ಶಿಕ್ಷಕರ ಮನೆಯವರನ್ನೂ ಕರೆದಿದ್ದರು. ಅಮ್ಮ ತಾನಾಗಿಯೇ ಹೊರಟಳು.

ನೀನು ಫೈಟರ್ ಪೈಲಟ್‌ಗಳಿಗೆ ಕಲಿಸುತ್ತಿದ್ದ ಕಿರಣ್ ವಿಮಾನಗಳು ಹೋಗಿ ಈಗ ಅಲ್ಲಿ ಹಾಕ್ ಬಂದಿವೆ. ಗೋಡೆಯ ತುಂಬ ಸ್ಕ್ವಾಡ್ರನ್ನಿನ ಚರಿತ್ರೆ ಹೇಳುವ ಫೋಟೋಗಳು. 1997ರ ಫೋಟೋದಲ್ಲಿ ನೀನು ಹೆಲ್ಮೆಟ್ ಹಿಡಿದು ನಗುತ್ತಿದ್ದೀಯ. ಅಮ್ಮ ಸೆರಗಿನಿಂದ ಗಾಜು ಒರೆಸಿದಳು.

ಆಗ ರಣವೀರ್ ಬಂದ. ನಿನ್ನ ಶಿಷ್ಯ, ಹರಿಯಾಣದವನು, ಈಗ ಅಲ್ಲೇ ಶಿಕ್ಷಕ. ಮೊದಲ ಸಲ ಒಬ್ಬನೇ ಹಾರುವ ಹುಡುಗನನ್ನು ಅಲ್ಲಿ ಎಲ್ಲರೂ ಒಂದು ಮಾತು ಹೇಳಿ ಕಳಿಸುತ್ತಾರಂತೆ. ನೀನು ಹಾಕಿದ ರೂಢಿ. ಅರ್ಥ ಯಾರಿಗೂ ಗೊತ್ತಿಲ್ಲ. ಅವನು ತಡವರಿಸುತ್ತ ಹೇಳಿದ: "ಸಾವ್ಕಾಶ ಹೋಯ್ ಬಾ ಮಗಾ."

ನೀನು ಬಸ್ಸು ಹತ್ತುವಾಗಲೆಲ್ಲ ಅಮ್ಮ ಹೇಳುತ್ತಿದ್ದ ಮಾತು! ನಾನು ಹಿಂದಿಯಲ್ಲಿ ಅರ್ಥ ಹೇಳಿದೆ. "ಜೆಟ್ ಹಾರಿಸುವವನಿಗೆ ನಿಧಾನ ಹೋಗು ಅಂತಲೇ?" ಎಂದು ಅವನು ನಕ್ಕ.

ಅಮ್ಮ ನಗಲಿಲ್ಲ. "ಹೋಪುದ್ ಹ್ಯಾಂಗಾರೂ ಹೋಯ್ಲಿ, ತಿರ್ಗಿ ಬರ್ಕ್ ಅಂದ್ ಹೇಳ್ ಅವ್ನಿಗೆ" ಅಂದಳು. ಹೇಗೆ ಹೋದರೂ ತಿರುಗಿ ಬರಬೇಕಂತೆ ಎಂದು ಅವನಿಗೆ ಹಿಂದಿಯಲ್ಲಿ ಹೇಳಿದೆ.

ಸ್ವಲ್ಪ ಹೊತ್ತಿಗೆ ಹೊಸ ಹುಡುಗನೊಬ್ಬ ಒಬ್ಬನೇ ವಿಮಾನ ಏರಿಸಿದ. ಬಿಸಿಲಿತ್ತು, ಯಾರೋ ಅಮ್ಮನಿಗೆ ಕುರ್ಚಿ ತಂದುಕೊಟ್ಟರು. ಆ ವಿಮಾನ ಇಳಿಯುವವರೆಗೂ ಅವಳು ಕೂರಲಿಲ್ಲ.

ನಿನ್ನ ತಂಗಿ,
ಸುಗುಣ