ಪ್ರೋಕಾನ್ಸಲ್ ಅಜ್ಜಿ

ಕೊಕ್ಕರೆ ಬೆಳ್ಳೂರು
10-9-2024

ನನ್ನ ಬಂಗಾರ ನಿಖಿತಾ,

ಮಂಡ್ಯದ ಹಾಸ್ಟೆಲಿನ ಊಟ ಸೇರುತ್ತಿದೆಯಾ? ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಬರೆಯಲು ಕೂತಾಗಲೆಲ್ಲ ಹೊಟ್ಟೆಕಿಚ್ಚೇ ಮುಂದೆ ಬರುತ್ತಿತ್ತು, ಮಡಿಸಿಡುತ್ತಿದ್ದೆ. ತಡವಾದದ್ದಕ್ಕೆ ಬೇಜಾರಾಗಬೇಡ.

ನಿನ್ನ ರೋಮಿನ ಪಾಠವನ್ನು ಎರಡು ಸಲ ಓದಿದೆ. ಕಾನ್ಸಲ್ ಎಂಬ ದೊಡ್ಡ ಅಧಿಕಾರಿಗೆ ಒಂದೇ ವರ್ಷದ ಅವಧಿಯಂತೆ. ಒಬ್ಬ ಊರೊಂದಕ್ಕೆ ಮುತ್ತಿಗೆ ಹಾಕಿ ಕೂತಿದ್ದಾಗಲೇ ವರ್ಷ ಮುಗಿಯಿತಂತೆ. ‘ಕಾನ್ಸಲ್ ಬದಲಿಗೆ ನೀನೇ ಇದ್ದು ಮುಗಿಸು’ ಎಂದರಂತೆ. ಪ್ರೋಕಾನ್ಸಲ್ ಎಂದರೆ ಅಷ್ಟೇ, ಕಾನ್ಸಲ್ಲನ ಬದಲಿಗೆ ಇರುವವನು. ಮುಂದೆ ಸೀಮೆ ಆಳುವವರಿಗೂ ಅದೇ ಹೆಸರು ನಿಂತಿತು.

‘ಅಮ್ಮ ಹೋದಮೇಲೆ ನೀನೇ ನನ್ನ ಪ್ರೋಕಾನ್ಸಲ್ ಅಜ್ಜಿ’ ಎಂದು ಬರೆದಿದ್ದೀಯ. ತಾತನಿಗೆ ಓದಿ ಹೇಳಿದೆ. ‘ಅಂಗಾರೆ ನಿಂಗೆ ಕುದ್ರೆ ಕೊಡ್ತಾರೇನಮ್ಮಿ?’ ಅಂದರು. ಇಬ್ಬರೂ ನಕ್ಕೆವು. ಆಮೇಲೆ ಕೆಳಗಿನ ಸಾಲು ಓದಿದೆ: ‘ಈಗ ಭಾನುವಾರ ನನ್ನ ನೋಡಲು ಬರುವುದು ಭಾಗ್ಯಮ್ಮ. ಆ ಪದವಿ ಈಗ ಅವರದು.’

ಐದು ವರ್ಷ ನಿನ್ನ ತಲೆ ಬಾಚಿದವಳು ನಾನು. ನಿನ್ನಪ್ಪ ಆ ಭಾಗ್ಯಳನ್ನು ಮದುವೆಯಾಗಿ ಮಳವಳ್ಳಿಗೆ ತಂದು ಎರಡು ವರ್ಷವಾಯಿತೋ ಇಲ್ಲವೋ.

ತೀರಿಕೊಂಡ ಮಗಳ ಗೌರಿ ಬಾಗಿನವನ್ನು ಅವಳ ಜಾಗಕ್ಕೆ ಬಂದವಳಿಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಹೋದ ವರ್ಷ ನೆಪ ಹೇಳಿ ತಪ್ಪಿಸಿದ್ದೆ. ಈ ಸಲ ತಾತನೇ ಕರೆಸಿದರು. ಮೊರದಲ್ಲಿ ಹಸಿರು ಬಳೆ ಇಟ್ಟೆ, ನಿನ್ನಮ್ಮನ ಅಳತೆಯವು. ಗೊತ್ತಿದ್ದೇ ಇಟ್ಟೆ. ಭಾಗ್ಯಳ ಕೈಗೆ ಏರಲಿಲ್ಲ. ‘ಅವ್ಳ ಕೈ ನೋಡಿರ್ನಿಲ್ವಾ ನೀನು?’ ಎಂದು ತಾತ ರೇಗಿದರು. ಅವಳು, ‘ಇರ್ಲಿ ಬುಡಿ ಅವ್ವ, ನಿಖಿತಾಗಾಯ್ತವೆ’ ಎಂದು ಸೆರಗಿಗೆ ಕಟ್ಟಿಕೊಂಡಳು. ನನ್ನನ್ನು ಅವ್ವ ಅಂದದ್ದಕ್ಕೆ ಇನ್ನಷ್ಟು ಉರಿಯಿತು. ಅವಳು ಕೆಟ್ಟವಳಾಗಿದ್ದರೆ ನನಗೆಷ್ಟು ಹಗುರಾಗುತ್ತಿತ್ತು, ಮಗಳೇ.

ದಸರಾ ರಜೆ ಬಿಟ್ಟಾಗ ಮೊದಲು ಮಳವಳ್ಳಿಗೆ ಹೋಗು. ಇಲ್ಲಿಗೆ ಆಮೇಲೆ ಬಾ. ಚೆನ್ನಾಗಿ ಓದು, ಮುತ್ತತ್ತಿರಾಯ ನಿನ್ನನ್ನು ಕಾಯಲಿ.

ನಿನ್ನ ಅಜ್ಜಿ,
ಸಣ್ಣತಾಯಮ್ಮ

ಇನ್ನೊಂದು ಮಾತು: ಮದುವೆಯಾದ ಹೊಸತರಲ್ಲಿ ಭಾಗ್ಯ ದಿನಾ ಸಂಜೆ ಫೋನ್ ಮಾಡಿ ನಿನ್ನನ್ನು ಕೇಳುತ್ತಿದ್ದಳು. ‘ನಿನ್ ದನಿ ಕೇಳುದ್ರೆ ಮಗ ಅಳ್ತದೆ ಕಣಮ್ಮ, ಮಾಡ್ಬ್ಯಾಡ’ ಅಂದುಬಿಟ್ಟೆ. ಅವಳು ನಂಬಿದಳು, ಒಂದು ವರ್ಷ ಮಾಡಲಿಲ್ಲ. ನೀನು ಅತ್ತಿರಲಿಲ್ಲ. ಪಕ್ಕದಲ್ಲೇ ನಿಂತು, ‘ಹೊಸಮ್ಮನಾ ಅಜ್ಜಿ? ನಂಗೂ ಕೊಡು’ ಎಂದು ಕೈ ಚಾಚಿದ್ದೆ.