ಸಿಕ್ಕಿದ ಡಂಗುರ

ಸೊಕ್ಕೆ, ಜಗಳೂರು ತಾಲ್ಲೂಕು
14-9-1979

ನ್ಯಾಮತಿಯ ಅಡಿಕೆ ಮಂಡಿ ಯಜಮಾನರಾದ ನನ್ನ ಮನೆಯವರಿಗೆ ರುದ್ರಾಣಿಯ ನಮಸ್ಕಾರಗಳು.

ನಾನು ಕ್ಷೇಮ. ಎಲ್ಲರೂ ಕಾಗದದಲ್ಲಿ ಹಾಗೆ ಬರೆಯುತ್ತಾರೆಂದು ನಾನೂ ಬರೆದ ಮಾತಲ್ಲ ಇದು, ನಿಮ್ಮ ಪ್ರಕಟಣೆಗೆ ಕೊಟ್ಟ ಉತ್ತರ. ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನೆ, ನಿದ್ದೆ ಚೆನ್ನಾಗಿ ಬರುತ್ತಿದೆ, ಬುದ್ಧಿಯೂ ಇರಬೇಕಾದ ಜಾಗದಲ್ಲೇ ಇದೆ. ಅತ್ತೆಯವರ ಕೆಮ್ಮು ಕಡಿಮೆಯಾಯಿತೇ? ಕಷಾಯಕ್ಕೆ ಮೆಣಸು ಹೆಚ್ಚು ಹಾಕಬೇಡಿ, ಅವರಿಗೆ ಗಂಟಲು ಉರಿಯುತ್ತದೆ.

ಮೊನ್ನೆ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಾಗ ನಮ್ಮ ಬಾಲವಾಡಿಗಳ ಮೇಲ್ವಿಚಾರಕಿ ಪ್ರೇಮಮ್ಮನವರು ಜಗಳೂರಿನಿಂದ ಬಂದರು. ಚೀಲದಿಂದ ವಾರಪತ್ರಿಕೆ ತೆಗೆದು ನನ್ನ ಮುಂದೆ ಹಿಡಿದರು. ನೋಡಿದರೆ ನನ್ನದೇ ಮುಖ. ನಮ್ಮ ಮದುವೆಯ ಫೋಟೋದಲ್ಲಿ ನಿಮ್ಮನ್ನು ಕತ್ತರಿಸಿ ನನ್ನನ್ನಷ್ಟೇ ಅಚ್ಚಿಗೆ ಕೊಟ್ಟಿದ್ದೀರಿ. ಕೆಳಗೆ ಹೀಗಿತ್ತು:

“ಕಾಣೆಯಾಗಿದ್ದಾಳೆ. ನನ್ನ ಪತ್ನಿ ರುದ್ರಾಣಿ, ವಯಸ್ಸು ಮೂವತ್ತು, ಬುದ್ಧಿಸ್ಥಿಮಿತವಿಲ್ಲದ ಕಾರಣ ಯಾರಿಗೂ ಹೇಳದೆ ಮನೆ ಬಿಟ್ಟು ಹೋಗಿರುತ್ತಾಳೆ. ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಎಡಹುಬ್ಬಿನ ತುದಿಯಲ್ಲಿ ಸಣ್ಣ ಗಾಯದ ಗುರುತು ಇರುತ್ತದೆ. ಕನ್ನಡ ಮಾತನಾಡುತ್ತಾಳೆ. ಸುಳಿವು ಸಿಕ್ಕ ಸಾರ್ವಜನಿಕರು ತಿಳಿಸಬೇಕಾಗಿ ಕೋರಿಕೆ. ಮಹೇಶ್ವರಪ್ಪ, ನ್ಯಾಮತಿ.”

ಕನ್ನಡ ಮಾತನಾಡುತ್ತಾಳಂತೆ! ಆ ಕನ್ನಡದಲ್ಲೇ ಅಲ್ಲವೇ ನಾನು ನಿಮಗೆ ಹೇಳಿ ಬಂದದ್ದು? ಹಾಡುಹಗಲು, ಮಂಡಿಯ ಮುಂದೆ ಟ್ರಂಕು ಇಳಿಸಿ, ಬಾಲವಾಡಿ ಶಿಕ್ಷಕಿಯ ಆರ್ಡರು ಬಂದಿದೆ, ಸೊಕ್ಕೆಗೆ ಹೋಗುತ್ತಿದ್ದೇನೆ ಎಂದೆ. ನೀವು ಅಡಿಕೆಯನ್ನು ಬೊಗಸೆಯಲ್ಲಿ ಎತ್ತಿ ಸುರಿದು ನೋಡುತ್ತಲೇ ಇದ್ದಿರಿ. ಕೊನೆಗೆ ಅಂದದ್ದು ಒಂದೇ ಮಾತು: “ಮಂಡಿ ಮನೆ ಸೊಸೆ ಕಂಡೋರ ಮಕ್ಕಳ ಮೂಗು ಒರೆಸಾಕೆ ಹೋಗ್ಬೇಕಾ?” ಇಲ್ಲಿಯ ವಿಳಾಸವನ್ನು ಚೀಟಿಯಲ್ಲಿ ಬರೆದು ನಿಮ್ಮ ಅಂಗಿಯ ಜೇಬಿಗೆ ನಾನೇ ಹಾಕಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ನಿಮ್ಮನ್ನು ನೋಡಿಯೇ ಹುಟ್ಟಿರಬೇಕು.

ನೀವು ಹೀಗೆ ಯಾಕೆ ಹಾಕಿಸಿದಿರಿ ಎಂದು ನನಗೆ ಗೊತ್ತು. ಹೆಂಡತಿ ಹೇಳಿಯೇ ಕೆಲಸಕ್ಕೆ ಹೋದಳು ಎಂದರೆ ಪೇಟೆಯಲ್ಲಿ ನಗುತ್ತಾರೆ. ಬುದ್ಧಿ ಕೆಟ್ಟು ಕಾಣೆಯಾದಳು ಎಂದರೆ ಅಯ್ಯೋ ಪಾಪ ಎನ್ನುತ್ತಾರೆ. ನಿಮ್ಮ ಮರ್ಯಾದೆ ಉಳಿಯಿತು. ನನ್ನದು ಏನಾಯಿತು ಎಂದು ಕೇಳಿ.

ಪ್ರೇಮಮ್ಮನವರು ಕೆಟ್ಟವರಲ್ಲ. ನನ್ನ ಕೈ ಹಿಡಿದುಕೊಂಡೇ ಹೇಳಿದರು: “ನೋಡ್ರೀ, ನೀವು ಹೆಂಗೆ ಅಂತ ನಂಗೆ ಗೊತ್ತೈತೆ. ಆದ್ರೆ ಹಿಂಗೆ ಅಚ್ಚಾದ್ಮೇಲೆ ಮಕ್ಕಳನ್ನ ನಿಮ್ಮ ಕೈಲಿ ಬಿಡಾಕೆ ಮೇಲಿನೋರು ಒಪ್ಪಲ್ಲ. ಹಾಕಿಸ್ದೋರೇ ತಪ್ಪಾಯ್ತು ಅಂತ ಹಾಕಿಸ್ಲಿ. ತಿಂಗಳ ಕೊನೆವರೆಗೂ ಕಾಯ್ತೀನಿ.” ಅಷ್ಟರೊಳಗೆ ಆಗದಿದ್ದರೆ ಈ ಕೆಲಸ ಬೇರೆಯವರಿಗೆ ಹೋಗುತ್ತದೆ.

ಅವರು ಹೋದ ಮೇಲೆ ಪತ್ರಿಕೆಯ ಸುದ್ದಿ ಊರಿಗೆ ಹಬ್ಬಿ ಇಲ್ಲಿ ಇನ್ನೊಂದು ತಕರಾರು ಎದ್ದಿತು. ಈ ಊರಲ್ಲಿ ದನ ಕಳೆದರೆ ಯಜಮಾನ ಡಂಗುರ ಹೊಡೆಸುತ್ತಾನೆ. ಸಿಕ್ಕಿದ ಮೇಲೆ ಸಿಕ್ಕಿತು ಎಂದು ಅವನೇ ಮತ್ತೊಮ್ಮೆ ಹೊಡೆಸಬೇಕು. ಅಲ್ಲಿಯವರೆಗೆ ಆ ದನವನ್ನು ಯಾರೂ ತಮ್ಮ ಅಂಗಳದಲ್ಲಿ ಕಟ್ಟುವಂತಿಲ್ಲ, ಕಟ್ಟಿದರೆ ಕಳ್ಳತನದ ಮಾತು ಬರುತ್ತದೆ. ನನಗೆ ಇರಲು ಕೋಣೆ ಕೊಟ್ಟ ಭೀಮಕ್ಕನನ್ನು ಬಾವಿಕಟ್ಟೆಯಲ್ಲಿ ಹೆಂಗಸರು ಇದೇ ಲೆಕ್ಕದಲ್ಲಿ, ಕಳೆದವಳನ್ನು ಮನೆಯಲ್ಲಿ ಹೇಗೆ ಇಟ್ಟುಕೊಂಡೆ ಎಂದು ಕೇಳಿದರಂತೆ. ಭೀಮಕ್ಕ ಮನೆಗೆ ಬಂದು, “ನಿನ್ನ ಗಂಡ ನನ್ನ ದನಗಳ್ಳಿ ಮಾಡಿಬಿಟ್ನಲ್ಲೇ!” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಸಿಟ್ಟು ಬಂತು, ಅಳುವೂ ಬಂತು. ಅತ್ತು ಮುಖ ತೊಳೆದುಕೊಂಡು ಡಂಗುರದ ಗಾದ್ರಪ್ಪನ ಮನೆಗೆ ನಡೆದೆ.

ಅವನು ಮೊದಲು ಒಪ್ಪಲಿಲ್ಲ. “ಕಳ್ಕಂಡೋರು ಹೊಡೆಸ್ಬೇಕವ್ವಾ. ಕಳೆದಿದ್ದೇ ಬಂದು ನಾನು ಸಿಕ್ಕೀನಿ ಅಂದ್ರೆ ಹೆಂಗೆ?” ಎಂದ. ದನಕ್ಕೆ ಬಾಯಿಲ್ಲ, ಅದಕ್ಕೆ ಯಜಮಾನ ಬೇಕು. ನನಗೆ ಬಾಯಿದೆ, ನೀನು ತಮಟೆ ಬಾರಿಸು ಸಾಕು, ಮಾತು ನಾನು ಆಡುತ್ತೇನೆ ಎಂದೆ. ಅವನು ಹೆಂಡತಿಯ ಮುಖ ನೋಡಿದ. ಆಕೆ ಒಳಗೆ ಹೋಗಿ ತಮಟೆಯನ್ನು ತಂದು ಅವನ ಕೈಗಿಟ್ಟಳು.

ಸಂಜೆ ಜನ ಹೊಲದಿಂದ ಬರುವ ಹೊತ್ತಿಗೆ ಬಾವಿಕಟ್ಟೆಯಿಂದ ಹೊರಟೆವು. ಗಾದ್ರಪ್ಪ ಬಾರಿಸಿ ನಿಲ್ಲಿಸುತ್ತಿದ್ದ, ನಾನು ಕೂಗುತ್ತಿದ್ದೆ: “ಕೇಳ್ರಪ್ಪೋ ಕೇಳ್ರಿ! ನ್ಯಾಮತಿ ಮಹೇಶ್ವರಪ್ಪನೋರ ಹೆಂಡ್ತಿ ರುದ್ರಾಣಿ ಕಾಣೆಯಾಗಿಲ್ಲ. ಬುದ್ಧಿ ನೆಟ್ಟಗೈತೆ. ಗಂಡಗೆ ಹೇಳೇ ಬಂದಾಳೆ. ನಾಳೆ ಮಾಮೂಲಿ ಹೊತ್ತಿಗೆ ಬಾಲವಾಡಿ ಬಾಗಿಲು ತೆಗೀತಾಳೆ, ಮಕ್ಕಳನ್ನ ಕಳಿಸ್ರಿ!” ಮದುವೆಯಾದಾಗಿನಿಂದ ಬಾಯಲ್ಲಿ ಬಾರದ ನಿಮ್ಮ ಹೆಸರನ್ನು ಇಡೀ ಊರಿಗೆ ಕೇಳುವಂತೆ ಕೂಗಿದೆ. ಮೊದಲ ಬೀದಿಯಲ್ಲಿ ಹೆಸರು ಅರ್ಧಕ್ಕೇ ನಿಂತು ಮತ್ತೆ ಮೊದಲಿಂದ ಕೂಗಬೇಕಾಯಿತು. ಆಮೇಲೆ ಸರಾಗವಾಯಿತು.

ಮರುದಿನ ಮಕ್ಕಳು ಬಂದರು. ಎಲ್ಲರೂ ಅಲ್ಲ, ಆದರೆ ಬಂದರು. ಭೀಮಕ್ಕ ತನ್ನ ಮೊಮ್ಮಗಳನ್ನು ಎಲ್ಲರಿಗಿಂತ ಮೊದಲು ತಂದು ಕೂರಿಸಿದಳು. ಊರಿನ ಮಟ್ಟಿಗೆ ನಾನು ಸಿಕ್ಕಿದ್ದಾಯಿತು. ಆದರೆ ಪತ್ರಿಕೆಯ ಮಾತು ಪತ್ರಿಕೆಯಲ್ಲೇ ತೊಳೆಯಬೇಕು, ಅದನ್ನು ನೀವೇ ತೊಳೆಯಬೇಕು.

ನಿಮಗೆ ತೊಂದರೆಯಾಗದಿರಲೆಂದು ಒಕ್ಕಣೆಯನ್ನು ನಾನೇ ಬರೆದಿದ್ದೇನೆ: “ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ನನ್ನ ಪತ್ನಿ ರುದ್ರಾಣಿ ಕಾಣೆಯಾಗಿದ್ದಾಳೆಂದೂ ಬುದ್ಧಿಸ್ಥಿಮಿತವಿಲ್ಲವೆಂದೂ ನಾನು ಪ್ರಕಟಿಸಿದ್ದು ಸುಳ್ಳು. ಆಕೆ ನನಗೆ ತಿಳಿಸಿಯೇ ಹೋಗಿದ್ದು, ಸೊಕ್ಕೆಯಲ್ಲಿ ಬಾಲವಾಡಿ ಶಿಕ್ಷಕಿಯಾಗಿರುತ್ತಾಳೆ.” ಅದೇ ಪತ್ರಿಕೆ, ಅದೇ ಪುಟ, ಅದೇ ಗಾತ್ರದ ಅಕ್ಷರ. ಕೆಳಗೆ ನಿಮ್ಮ ಹೆಸರು.

ಮುಂದಿನ ಸಂಚಿಕೆಯಲ್ಲಿ ಅದು ಬರದಿದ್ದರೆ ನಾನು ಗಾದ್ರಪ್ಪನನ್ನು ಕರೆದುಕೊಂಡು ನ್ಯಾಮತಿಗೆ ಬರುತ್ತೇನೆ. ಸಂತೆಯ ದಿನವೇ ಬರುತ್ತೇನೆ, ಮಂಡಿಯ ಮುಂದೆಯೇ ನಿಲ್ಲುತ್ತೇನೆ. ಹೆದರಿಸಲು ಬರೆದ ಮಾತೆಂದುಕೊಳ್ಳಬೇಡಿ. ಒಂದು ಊರಲ್ಲಿ ಕೂಗಿದ ಗಂಟಲಿಗೆ ಎರಡನೆಯ ಊರು ಕಷ್ಟವಲ್ಲ.

ಈ ಕೆಲಸ ನಾನು ಬಿಡುವುದಿಲ್ಲ. ನೋಡಬೇಕೆನಿಸಿದರೆ ಜಗಳೂರಿನ ಬಸ್ಸು ಹತ್ತಿ ಬನ್ನಿ. ಬಾಲವಾಡಿ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಅತ್ತೆಯವರಿಗೆ ನಮಸ್ಕಾರ ತಿಳಿಸಿ.

ಇಂತಿ,
ಇರುವಲ್ಲೇ ಇರುವ
ರುದ್ರಾಣಿ

ಮರೆತ ಮಾತು: ಹುಬ್ಬಿನ ಆ ಗಾಯ ಮದುವೆಯಾದ ಹೊಸದರಲ್ಲಿ ನಿಮ್ಮ ಮಂಡಿಯ ತಕ್ಕಡಿ ಕೊಕ್ಕೆ ಬಡಿದು ಆದದ್ದು. ಆವತ್ತು ನೀವು ತಲೆಯೆತ್ತಿ ನೋಡಲೇ ಇಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ನೋಡಿದ್ದಿರಿ, ಯಾವ ಕಡೆ ಎಂಬುದೂ ನೆನಪಿದೆ ಎಂದು ನನಗೆ ತಿಳಿದದ್ದು ಪತ್ರಿಕೆಯಿಂದ. ಪ್ರೇಮಮ್ಮನವರ ಎದುರು ನಾನು ಮೊದಲು ಓದಿದ್ದು ಆ ಸಾಲನ್ನೇ, ಓದಿ ಖುಷಿಪಟ್ಟೆ. ಬುದ್ಧಿಸ್ಥಿಮಿತದ ಮಾತು ಆಮೇಲೆ ಕಣ್ಣಿಗೆ ಬಿತ್ತು. ಉಳಿದದ್ದೆಲ್ಲ ಸುಳ್ಳೆಂದು ಹಾಕಿಸಿ. ಆ ಒಂದು ಸಾಲು ಮಾತ್ರ ಇದ್ದಂತೆಯೇ ಇರಲಿ.